ಭಾನುವಾರದ ತರಗತಿಯಲ್ಲಿ ಲೋಟದ ಆಟ

ನಮ್ಮ ಕನ್ನಡ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡ ಬರುತ್ತಿದ್ದ ಹುಡುಗಿ ಒಂದು ಭಾನುವಾರ ನನ್ನ ಪ್ರಶ್ನೆಗೆ ‘ಐ ಡೋಂಟ್ ನೋ’ ಎಂದು ಉತ್ತರ ಕೊಟ್ಟು ತಲೆ ತಗ್ಗಿಸಿದಳು. ನಾನು ಕೇಳಿದ್ದು ತೀರಾ ಸುಲಭದ ಪ್ರಶ್ನೆ. ‘ನಿನ್ನೆ ಏನು ಮಾಡಿದೆ?’ ಅಂತ. ಮೂರು ವರ್ಷದ ಹಿಂದೆ ಗದಗಿನಿಂದ ಬಂದ ಹುಡುಗಿಗೆ ಅದಕ್ಕೆ ಕನ್ನಡದಲ್ಲಿ ಉತ್ತರ ಗೊತ್ತಿಲ್ಲ ಎಂದರೆ ನಂಬುವುದು ಹೇಗೆ? ಉಳಿದ ಏಳು ಮಕ್ಕಳು ಮೇಜು ನೋಡುತ್ತ ಕುಳಿತಿದ್ದರು. ಆ ಏಳರಲ್ಲಿ ನನ್ನ ಮಗಳೂ ಒಬ್ಬಳು.

ನಾನು ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೇನೆ. ಮನೆ ಸಮರ್‌ಸೆಟ್‌ನಲ್ಲಿ. ಭಾನುವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಓಲ್ಡ್ ಬ್ರಿಡ್ಜ್‌ಗೆ ಡ್ರೈವ್ ಮಾಡಿ, ನಾವು ಕೆಲವು ಪೋಷಕರು ಸೇರಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿ ಕನ್ನಡ ಕಲಿಸುತ್ತೇನೆ. ನನ್ನದು ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನವರ ಗುಂಪು. ಮಕ್ಕಳ ಪೈಕಿ ಹೆಚ್ಚಿನವರು ಈ ದೇಶದಲ್ಲೇ ಹುಟ್ಟಿದವರು. ನಾನು ಕನ್ನಡದಲ್ಲಿ ಕೇಳಿದರೆ ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಇಬ್ಬರಿಗೂ ಅರ್ಥವಾಗುತ್ತದೆ, ಪಾಠ ಮುಂದೆ ಹೋಗುತ್ತದೆ.

ಹುಡುಗಿ ಹೀಗೆ ಬಾಯಿ ಮುಚ್ಚಿಕೊಳ್ಳುವುದಕ್ಕೆ ಎರಡು ವಾರ ಮುಂಚೆ ನಾನು ಮಕ್ಕಳಿಗೆ ‘ನಮ್ಮ ಮನೆಯ ಒಂದು ಬೆಳಿಗ್ಗೆ’ ಎಂಬ ವಿಷಯ ಕೊಟ್ಟು ಬರೆದು ತರಲು ಹೇಳಿದ್ದೆ. ಬೇರೆಯವರು ಸೀರಿಯಲ್ ತಿಂದದ್ದನ್ನೂ ಸಾಕರ್‌ಗೆ ಹೋದದ್ದನ್ನೂ ನಾಲ್ಕು ಸಾಲಿನಲ್ಲಿ ಮುಗಿಸಿದ್ದರು. ಇವಳು ಒಂದೂವರೆ ಪುಟ ಬರೆದಿದ್ದಳು. ಎದ್ದು ನಿಂತು ಗಟ್ಟಿಯಾಗಿ ಓದಿದಳು. ಅವಳ ಅಮ್ಮ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದಾಗ, ಸದ್ದು ತಡೆಯಲಾರದೆ ಕೆಳಗಿನ ಮನೆಯವರು ಮೇಲೆ ಬಂದಿದ್ದರಂತೆ. “ಅವರು ಬಂದು ಬಾಗಿಲಾ ಬಡದ್ರು. ನಮ್ಮವ್ವ ಅವರಿಗೂ ಒಂದು ಬಿಸಿ ರೊಟ್ಟಿ ಕೊಟ್ಲು. ಈಗ ಕೆಳಗ ಟವೆಲ್ ಮಡಚಿ ಹಾಕ್ಕೊಂಡು ಬಡೀತಾಳ” ಎಂದು ಓದಿ ಮುಗಿಸಿದಳು.

ತರಗತಿ ನಕ್ಕಿತು. ಕಥೆಗೆ ನಕ್ಕರು ಎಂದುಕೊಂಡು ನಾನೂ ನಕ್ಕೆ. ಆದರೆ ಅವರು ನಕ್ಕಿದ್ದು ಆ ‘ಬಡೀತಾಳ’ಕ್ಕೆ. ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ, ಎಲ್ಲರೂ ಒಮ್ಮೆ ಅವನ ಮುಖ ನೋಡಿಯೇ ನಗಬೇಕೋ ಬೇಡವೋ ಎಂದು ತೀರ್ಮಾನಿಸುವಂಥ ಒಬ್ಬ ಹುಡುಗ ಫೋನಿನಲ್ಲಿ ಅವಳ ಓದನ್ನು ರೆಕಾರ್ಡ್ ಮಾಡಿಕೊಂಡಿದ್ದ. ಆ ಒಂದು ಪದವನ್ನು ಮತ್ತೆ ಮತ್ತೆ ಬರುವಂತೆ ಜೋಡಿಸಿ, ಕೆಳಗೆ ಡ್ರಮ್ಮಿನ ತಾಳ ಹಾಕಿ, ಮಕ್ಕಳ ಚಾಟ್ ಗ್ರೂಪಿಗೆ ಕಳಿಸಿದ್ದ. ಅದೇ ಗ್ರೂಪಿನಲ್ಲಿ ಅವಳೂ ಇದ್ದಳು. ಒಬ್ಬೊಬ್ಬರಾಗಿ ಎಲ್ಲರೂ ಅದಕ್ಕೆ ನಗುವ ಮುಖ ಒತ್ತಿದ್ದರು.

ಇದೆಲ್ಲ ನನಗೆ ತಿಳಿದದ್ದು ಅವಳು ‘ಐ ಡೋಂಟ್ ನೋ’ ಅಂದ ದಿನ, ಮನೆಗೆ ಹಿಂದಿರುಗುವಾಗ ಕಾರಿನಲ್ಲಿ. ರೂಟ್ ಹದಿನೆಂಟರ ಸಿಗ್ನಲ್ಲುಗಳಲ್ಲಿ ನಿಂತು ನಿಂತು ಹೋಗುತ್ತಿದ್ದೆವು. ಏನಾಯಿತು ಅವಳಿಗೆ ಎಂದು ನಾನು ಮೂರು ಸಲ ಕೇಳಿದ ಮೇಲೆ ಮಗಳು ಹೇಳಿದಳು. ನೀನೂ ನಗುವ ಮುಖ ಒತ್ತಿದೆಯಾ ಎಂದು ಕೇಳಿದೆ. ಹೂಂ ಅಂದಳು.

“ಎಲ್ಲರೂ ಒತ್ತಿದ್ರು ಅಮ್ಮ. ನಾನೊಬ್ಬಳು ಒತ್ತದಿದ್ರೆ ದೇ ವುಡ್ ನೋಟಿಸ್.”

ನಾನು ಎಲ್ಲ ತಾಯಂದಿರಂತೆ ಭಾಷಣ ಶುರು ಮಾಡಿದೆ. ಎಲ್ಲರೂ ಮಾಡಿದರೆ ನೀನೂ ಮಾಡಬೇಕೇ, ಅವಳಿಗೆ ಎಷ್ಟು ನೋವಾಗಿರಬೇಕು, ನಿನಗೆ ಸ್ವಂತ ಬುದ್ಧಿ ಇಲ್ಲವೇ, ಹೀಗೆ. ಮಗಳು ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಜಗಳದ ದನಿಯಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

“ನೀನು ಫೋನಲ್ಲಿ ಅಜ್ಜಿ ಜೊತೆ ಮಾತಾಡುವಾಗ ಅವಳ ಥರಾನೇ ಮಾತಾಡ್ತೀಯ. ಆ ಹುಡುಗಿ ಥರ. ಕ್ಲಾಸಲ್ಲಿ ಯಾಕೆ ಹಾಗೆ ಮಾತಾಡಲ್ಲ?”

ನನ್ನ ಊರು ಧಾರವಾಡ. ಗಂಡ ಮೈಸೂರಿನವರು. ಮನೆಯಲ್ಲಿ ಮೈಸೂರಿನ ಮಾತೇ ನಿಂತಿತು, ಅದಕ್ಕೇ ಹೀಗೆ ಎಂದು ಮಗಳಿಗೆ ಹೇಳಿದೆ. ಅವಳು ಸರಿ ಅಂದಳು. ಆದರೆ ನಾನು ಹೇಳಿದ್ದು ಅರ್ಧ ನಿಜ. ಇಪ್ಪತ್ತು ವರ್ಷದ ಹಿಂದೆ ಸಮರ್‌ಸೆಟ್‌ನಲ್ಲಿ ನಾನು ಹೋದ ಮೊದಲ ಪಾಟ್‌ಲಕ್ಕಿನಲ್ಲಿ, ಅಂದರೆ ಕನ್ನಡದವರೆಲ್ಲ ಅಡುಗೆ ತಂದು ಕೂಡಿ ಉಣ್ಣುವ ಊಟದಲ್ಲಿ, ಹೊಸದಾಗಿ ಪರಿಚಯವಾದ ಒಬ್ಬರನ್ನು ‘ಊಟಾ ಆತೇನ್ರೀ’ ಎಂದು ಕೇಳಿದ್ದೆ. ಸುತ್ತ ಇದ್ದ ನಾಲ್ಕೈದು ಹೆಂಗಸರು ನಕ್ಕರು. ಕೆಟ್ಟ ಮನಸ್ಸಿನವರೇನಲ್ಲ. ಎಷ್ಟು ಮುದ್ದಾಗಿದೆ, ಇನ್ನೊಂದು ಸಲ ಹೇಳಿ ಅಂದರು. ಹೇಳಿದೆ. ಬಂದವರಿಗೆಲ್ಲ ನನ್ನನ್ನು ಪರಿಚಯಿಸಿ ಮತ್ತೊಂದು ಸಲ ಹೇಳಿಸಿದರು. ಆ ದಿನ ಸಂಜೆಯೊಳಗೆ ಏಳೆಂಟು ಸಲ ‘ಊಟಾ ಆತೇನ್ರೀ’ ಅಂದಿರಬೇಕು. ನನ್ನ ಪ್ರಶ್ನೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಮುಂದಿನ ಕೆಲವು ತಿಂಗಳಲ್ಲಿ ನಾನು ಮಾತು ಬದಲಿಸಿಕೊಂಡೆ. ಬದಲಿಸಿಕೊ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಮುಂದಿನ ವಾರ ನಾನು ಪಾಠದ ಪುಸ್ತಕ ತೆರೆಯಲಿಲ್ಲ. ಮೊದಲು ಮಾಡಿದ್ದು ನಾಟಕ. ಮಕ್ಕಳಿಗೆ ಚೀಟಿ ಕೊಟ್ಟು, ಒಬ್ಬರು ಗೆಳೆಯನನ್ನು ಕೆಟ್ಟ ಕೆಲಸಕ್ಕೆ ಕರೆಯಬೇಕು, ಇನ್ನೊಬ್ಬರು ‘ಬೇಡ’ ಅನ್ನಬೇಕು ಅಂದೆ. ಅದು ಪೂರ್ತಿ ಕೆಟ್ಟಿತು. ಮಕ್ಕಳು ಸಿನಿಮಾದ ಖಳನಾಯಕರಂತೆ ದನಿ ಮಾಡಿ ಕರೆದರು, ಬೇಡ ಅನ್ನಬೇಕಾದವರು ಎದೆಯ ಮೇಲೆ ಕೈಯಿಟ್ಟು ‘ಇಲ್ಲ ಗೆಳೆಯ’ ಅಂದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ಒಬ್ಬಳು ನನ್ನ ಮೇಲೆ ಕನಿಕರಪಟ್ಟು ವಿವರಿಸಿದಳು. ನಿಜವಾಗಿ ಹೀಗೆ ಯಾರೂ ಕರೆಯುವುದಿಲ್ಲ ಆಂಟಿ, ಯಾರೂ ಏನೂ ಹೇಳುವುದೇ ಇಲ್ಲ, ಎಲ್ಲರೂ ಮಾಡುತ್ತಿರುತ್ತಾರೆ ಅಷ್ಟೇ ಅಂದಳು. ಗದಗಿನ ಹುಡುಗಿ ಮೂಲೆಯ ಕುರ್ಚಿಯಲ್ಲಿ ಜಾಕೆಟ್ಟಿನ ತೋಳಿನೊಳಗೆ ಕೈ ಎಳೆದುಕೊಂಡು ಕುಳಿತಿದ್ದಳು. ಅವಳ ಅಮ್ಮ ಒತ್ತಾಯ ಮಾಡಿ ಕಳಿಸುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

‘ಎಲ್ಲರೂ ಮಾಡುತ್ತಿರುತ್ತಾರೆ ಅಷ್ಟೇ’ ಎಂಬ ಮಾತು ಕೇಳಿದಾಗ ಆಫೀಸಿನಲ್ಲಿ ಒಮ್ಮೆ ತರಬೇತಿಗಾಗಿ ಆಡಿಸಿದ್ದ ಆಟ ನೆನಪಾಯಿತು. ನಮ್ಮ ಕೆಲಸದಲ್ಲಿ ಔಷಧದ ಒಂದು ಪರೀಕ್ಷೆಯ ಕಾಗದಕ್ಕೆ ನಾಲ್ಕು ಜನ ಸಹಿ ಹಾಕಬೇಕು. ಮೊದಲಿನ ಮೂವರು ಹಾಕಿದ್ದಾರೆಂದು ನಾಲ್ಕನೆಯವರು ಓದದೆ ಹಾಕಬಾರದು ಎಂಬುದನ್ನು ಕಲಿಸಲು ಆಡಿಸಿದ ಆಟ ಅದು. ಎರಡು ಗಾಜಿನ ಲೋಟ, ಒಂದರಲ್ಲಿ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ನೀರು. ಯಾವುದರಲ್ಲಿ ಹೆಚ್ಚು ಎಂದು ಒಬ್ಬೊಬ್ಬರೇ ಹೇಳಬೇಕು. ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಸುಳ್ಳು ಹೇಳುವಂತೆ ಮೊದಲೇ ಹೇಳಿಕೊಟ್ಟಿರುತ್ತಾರೆ.

ಮರುವಾರ ಗುಟ್ಟು ತಿಳಿಯದ ಆ ಒಬ್ಬನನ್ನಾಗಿ ನಾನು ಆರಿಸಿದ್ದು ಆ ಎತ್ತರದ ಹುಡುಗನನ್ನು. ಅವನು ನೀರು ಕುಡಿಯಲು ಹೊರಗೆ ಹೋದಾಗ ಉಳಿದವರಿಗೆ ಹೇಳಿಕೊಟ್ಟೆ. ಅವನು ಬಂದು ಸಾಲಿನ ಕೊನೆಯಲ್ಲಿ ನಿಂತ. ಮೊದಲನೆಯ ಲೋಟದಲ್ಲಿ ನೀರು ಒಂದು ಬೆರಳಿನಷ್ಟು ಹೆಚ್ಚಿತ್ತು, ದೂರದಿಂದಲೂ ಕಾಣುತ್ತಿತ್ತು. ‘ಎರಡನೇದು’ ಅಂದಳು ಮೊದಲು ನಿಂತವಳು. ‘ಎರಡನೇದು’, ‘ಎರಡನೇದು’ ಎಂದು ಸಾಲು ಮುಂದೆ ಬಂತು. ಹುಡುಗ ಮೊದಲು ನಕ್ಕ, ಆಮೇಲೆ ಲೋಟಗಳನ್ನು ನೋಡಿದ, ಆಮೇಲೆ ಗೆಳೆಯರ ಮುಖ ನೋಡಿದ. ಅವನ ಕಿವಿ ಕೆಂಪಾಯಿತು. ಅವನ ಸರದಿ ಬಂದಾಗ ಮೆಲ್ಲಗೆ ‘ಎರಡನೇದು’ ಅಂದ.

ಎಲ್ಲರೂ ಹೋ ಎಂದು ಕೂಗಿದರು. ನಾನು ಗುಟ್ಟು ಬಿಚ್ಚಿ, ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ತಾನು ನಿಂತ ಕಡೆಯಿಂದ ಸರಿಯಾಗಿ ಕಾಣುತ್ತಿಲ್ಲವೇನೋ ಅನ್ನಿಸಿತು ಅಂದ. ನಾನು ಅದನ್ನು ಹಿಡಿದುಕೊಂಡು, ನೋಡಿದಿರಾ, ನಮ್ಮ ಕಣ್ಣನ್ನೇ ನಾವು ನಂಬುವುದಿಲ್ಲ ಎಂದು ಪಾಠ ಮಾಡಿದೆ. ಆ ಹೊತ್ತಿಗೆ ನನಗೆ ತುಂಬ ಜಾಣತನ ಮಾಡಿದಂತೆ ಅನಿಸಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಹೊಟ್ಟೆನೋವು ಎಂದು ಅವನ ಅಮ್ಮ ಮೆಸೇಜ್ ಹಾಕಿದರು. ತರಗತಿಯಲ್ಲಿ ಅವನ ಹೆಸರು ಎತ್ತಿದಾಗ ಎರಡು ಮೂರು ಮಕ್ಕಳು ‘ಎರಡನೇದು’ ಎಂದು ಪಿಸುಗುಟ್ಟಿ ನಕ್ಕರು. ಅದು ನಾಲ್ಕು ವಾರದ ಹಿಂದೆ ‘ಬಡೀತಾಳ’ಕ್ಕೆ ನಕ್ಕ ನಗೆಯೇ ಎಂದು ಕಿವಿಗೆ ಹೊಡೆದ ಹಾಗೆ ಗೊತ್ತಾಯಿತು. ನಾನು ಏಳು ಜನರನ್ನು ಒಟ್ಟುಗೂಡಿಸಿ ಒಬ್ಬನ ಮೇಲೆ ಬಿಟ್ಟಿದ್ದೆ. ಅವರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವರಾದರೂ ಮಕ್ಕಳು.

ತರಗತಿ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಿಂದಲೇ ಅವನ ಅಮ್ಮನಿಗೆ ಫೋನ್ ಮಾಡಿ ಅವನಿಗೆ ಕೊಡಲು ಹೇಳಿದೆ. ಕ್ಷಮೆ ಕೇಳಿದೆ. ಅವನು “ಆಂಟಿ, ಡಿಡ್ ಯು ಪಿಕ್ ಮೀ ಆನ್ ಪರ್ಪಸ್?” ಎಂದು ಕೇಳಿದ.

“ಹೌದು. ಆ ಆಡಿಯೋ ಮಾಡಿದ್ದು ನೀನು ಅಂತ ಗೊತ್ತಿತ್ತು. ನಿನಗೂ ಗೊತ್ತಾಗಲಿ ಅಂತ ನಿನ್ನನ್ನೇ ಆರಿಸಿದೆ. ಅದು ನನ್ನ ತಪ್ಪು. ಮುಂದಿನ ವಾರ ಎಲ್ಲರ ಮುಂದೆ ಹೇಳ್ತೀನಿ.”

ಎಲ್ಲರ ಮುಂದೆ ಹೇಳಬೇಕಾಗಿಲ್ಲ ಅಂದ. ಆದರೆ ಫೋನ್ ಇಡಲಿಲ್ಲ. ಇಂಗ್ಲಿಷಿನಲ್ಲೇ ನಿಧಾನವಾಗಿ ಹೇಳಿದ, ತನಗೆ ಬೇಜಾರಾದದ್ದು ಮೋಸ ಹೋದದ್ದಕ್ಕಲ್ಲವಂತೆ. ಕಿಂಡರ್‌ಗಾರ್ಟನ್ನಿನಿಂದ ಗೊತ್ತಿರುವ ಗೆಳೆಯರು ಆ ಸಾಲಿನಲ್ಲಿದ್ದರು, ಒಬ್ಬನಾದರೂ ಕಣ್ಣು ಮಿಟುಕಿಸಿ ಸುಳಿವು ಕೊಡುತ್ತಾನೆಂದು ಕಾದನಂತೆ. ಯಾರೂ ಕೊಡಲಿಲ್ಲ. ಅವಳಿಗೂ ಹಾಗೇ ಅನ್ನಿಸಿರಬೇಕು ಅಲ್ಲವಾ ಎಂದು ಅವನೇ ಕೇಳಿದ. ನಾನು ಹೌದು ಅಂದೆ. ಆಟವನ್ನು ಬೇರೆ ಥರ ಆಡಬಹುದು, ತನ್ನ ಹತ್ತಿರ ಒಂದು ಐಡಿಯಾ ಇದೆ ಅಂದ.

ಅವನ ಐಡಿಯಾದ ಆಟದಲ್ಲಿ ಯಾರನ್ನೂ ಬೇರೆ ಮಾಡಿ ಆರಿಸುವುದಿರಲಿಲ್ಲ. ಲೋಟಗಳಲ್ಲಿ ನೀರಿನ ವ್ಯತ್ಯಾಸ ಸಣ್ಣದಾಗಿರಬೇಕು. ಎಲ್ಲರೂ ಒಂದೊಂದು ಚೀಟಿ ಎತ್ತಬೇಕು. ಕೆಲವು ಚೀಟಿಯಲ್ಲಿ ‘ಸುಳ್ಳು ಹೇಳು’ ಎಂದಿರುತ್ತದೆ, ಕೆಲವದರಲ್ಲಿ ‘ಕಂಡದ್ದು ಹೇಳು’ ಎಂದು. ಸುಳ್ಳಿನ ಚೀಟಿ ಎಷ್ಟು ಎಂದು ನನಗೆ ಮಾತ್ರ ಗೊತ್ತು. ಆಟ ಎಂದು ಎಲ್ಲರಿಗೂ ಗೊತ್ತಿದ್ದರೆ ಯಾರು ತಾನೇ ಜಾರುತ್ತಾರೆ ಎಂದುಕೊಂಡಿದ್ದೆ. ಆದರೆ ಜಾರಿದರು. ಮೊದಲ ಸುತ್ತಿನಲ್ಲೇ ‘ಕಂಡದ್ದು ಹೇಳು’ ಎಂಬ ಚೀಟಿ ಕೈಯಲ್ಲಿ ಹಿಡಿದುಕೊಂಡ ಒಬ್ಬಳು, ತನ್ನ ಮುಂದೆ ನಿಂತ ನಾಲ್ವರ ಮಾತು ಕೇಳಿ ಅವರು ಹೇಳಿದ್ದನ್ನೇ ಹೇಳಿದಳು. ಆಮೇಲೆ ತನ್ನ ಚೀಟಿಯನ್ನು ತಾನೇ ತಿರುಗಿಸಿ ನೋಡಿಕೊಂಡು ತಲೆ ಮುಟ್ಟಿಕೊಂಡಳು. ಈ ಸಲ ಎಲ್ಲರ ನಗುವಿನಲ್ಲಿ ಅವಳೂ ಸೇರಿದ್ದಳು. ಮುಂದಿನ ಸುತ್ತಿನಲ್ಲಿ ತಮಗೂ ಹೀಗೇ ಆಗಬಹುದು ಎಂದು ಎಲ್ಲರಿಗೂ ಗೊತ್ತಿತ್ತು.

ಮೂರನೆಯ ಸುತ್ತಿಗೆ ಆರು ಸುಳ್ಳಿನ ಚೀಟಿ ಹಾಕಿದೆ, ಎರಡು ಮಾತ್ರ ನಿಜದ್ದು. ಸಾಲಿನ ಕೊನೆಗೆ ನಿಂತಿದ್ದವಳು ನನ್ನ ಮಗಳು. ಅವಳ ಮುಂದೆ ಗದಗಿನ ಹುಡುಗಿ. ಆರು ಜನ ‘ಮೊದಲನೇದು’ ಅಂದರು. ಮಗಳ ಮುಖ ನೋಡಿದರೆ ಅವಳ ಕೈಯಲ್ಲಿರುವುದು ನಿಜದ ಚೀಟಿ ಎಂದು ನನಗೆ ಗೊತ್ತಾಯಿತು. ತುಟಿ ಕಚ್ಚಿಕೊಂಡಿದ್ದಳು. ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ಕಣ್ಣು ಹಾಯಿಸುತ್ತಿದ್ದಳು. ಆಗ ಗದಗಿನ ಹುಡುಗಿಯ ಸರದಿ ಬಂತು. ಅವಳು ಜಾಕೆಟ್ಟಿನ ತೋಳಿನಿಂದ ಕೈ ಹೊರಗೆ ತೆಗೆದು ಲೋಟ ತೋರಿಸಿದಳು.

“ಇಲ್ರೀ ಆಂಟಿ. ಎರಡನೇದ್ರಾಗ ಹೆಚ್ಚೈತಿ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ಐದು ವಾರದಿಂದ ಅವಳು ಆ ಕೋಣೆಯಲ್ಲಿ ತನ್ನ ಊರಿನ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು. ಮಗಳು ಒಮ್ಮೆಲೇ ಉಸಿರು ಬಿಟ್ಟು, “ಎರಡನೇದು” ಅಂದಳು. ಚೀಟಿ ಬಿಚ್ಚಿ ಲೆಕ್ಕ ಹಾಕಿದ ಮೇಲೆ, ಅವಳು ಹೇಳದಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ಎತ್ತರದ ಹುಡುಗ ಮಗಳನ್ನು ಕೇಳಿದ. ಅವಳು ‘ಮೊದಲನೇದು’ ಅನ್ನುತ್ತಿದ್ದೆನೇನೋ ಅಂದಳು.

ಮಕ್ಕಳು ತಮ್ಮಷ್ಟಕ್ಕೆ ತಾವೇ ಇನ್ನೂ ಮೂರು ಸುತ್ತು ಆಡಿ ಒಂದು ವಿಷಯ ಕಂಡುಕೊಂಡರು. ಸುಳ್ಳು ಹೇಳುವವರು ಐದು ಜನವೋ ಆರು ಜನವೋ ಎಂಬುದು ಅಷ್ಟು ಮುಖ್ಯವಲ್ಲ. ತನಗಿಂತ ಮುಂಚೆ ಒಬ್ಬರೇ ಒಬ್ಬರು ನಿಜ ಹೇಳಿದ್ದರೆ ಸಾಕು, ಆಮೇಲೆ ಯಾರೂ ಜಾರುವುದಿಲ್ಲ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೂ ಇದು ಹೊಸದಾಗಿಯೇ ಇತ್ತು.

ಆ ದಿನ ಕಾರಿನಲ್ಲಿ ಮಗಳು ರೇಡಿಯೋ ಹಾಕಲಿಲ್ಲ. ಈಸ್ಟ್ ಬ್ರನ್ಸ್‌ವಿಕ್ ದಾಟಿದ ಮೇಲೆ, “ಅವಳು ನನಗೆ ಹೆಲ್ಪ್ ಮಾಡಿದಳು. ನಾನು ಮಾಡಿರಲಿಲ್ಲ” ಅಂದಳು. ಮುಂದೆ ಏನು ಮಾಡುತ್ತೀ ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಈ ಸಲ ಭಾಷಣವನ್ನೂ ನುಂಗಿಕೊಂಡೆ. ಮನೆಗೆ ಬಂದ ಮೇಲೆ ಅವಳು ತನ್ನ ಕೋಣೆಗೆ ಹೋಗಿ ಆ ಹುಡುಗಿಗೆ ಫೋನ್ ಮಾಡಿದಳು. ಏನು ಮಾತಾಡಿದರೋ ಪೂರ್ತಿ ಗೊತ್ತಿಲ್ಲ. ಮಗಳು ಹೇಳಿದ್ದು ಇಷ್ಟೇ. ಕ್ಷಮೆ ಕೇಳಿದ್ದಕ್ಕೆ ಆ ಹುಡುಗಿ ‘ಆಯ್ತು, ಆದರೆ ಮೊದಲು ಅದನ್ನು ಡಿಲೀಟ್ ಮಾಡಿಸು’ ಅಂದಳಂತೆ. ಅದೇ ಮಧ್ಯಾಹ್ನ ಎತ್ತರದ ಹುಡುಗ ಗ್ರೂಪಿನಿಂದ ಅದನ್ನು ತೆಗೆದು, ತನ್ನ ಹೆಸರಿನಲ್ಲೇ ಒಂದು ಸಾಲಿನಲ್ಲಿ ‘ಸಾರಿ’ ಎಂದು ಬರೆದ. ಇಬ್ಬರು ಹುಡುಗಿಯರೂ ತಕ್ಷಣ ಗೆಳತಿಯರಾದರು ಎಂದು ಹೇಳಲಾರೆ. ಒಂದು ತಿಂಗಳು ಒಬ್ಬರನ್ನೊಬ್ಬರು ಬಹಳ ಎಚ್ಚರದಿಂದ ಮಾತಾಡಿಸಿದರು. ಆಮೇಲೆ ನಿಧಾನಕ್ಕೆ ಎಚ್ಚರ ಸಡಿಲವಾಯಿತು.

ನನ್ನ ಸರದಿ ಬಂದದ್ದು ಅದಾದ ಮೇಲೆ. ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಒಂದು ಕಿರುನಾಟಕ ಆಡಿಸಬೇಕಿತ್ತು. ತರಗತಿ ನಡೆಯುವ ಕೋಣೆಯಲ್ಲೇ ಪೋಷಕರು ಸೇರಿದೆವು, ಹತ್ತು ಹನ್ನೆರಡು ಜನ. ನಾಟಕ ಬರೆಯಲು ಒಪ್ಪಿಕೊಂಡ ತಂದೆಯೊಬ್ಬರು, ಮಕ್ಕಳೆಲ್ಲ ಒಂದೇ ಥರದ ಸ್ಟ್ಯಾಂಡರ್ಡ್ ಕನ್ನಡ ಮಾತಾಡಿದರೆ ಚೆನ್ನ, ಇಲ್ಲದಿದ್ದರೆ ಸಭೆಯಲ್ಲಿ ನಗು ಬರುತ್ತದೆ, ಪಾಪ ಮಕ್ಕಳಿಗೇ ಮುಜುಗರ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಒಬ್ಬರು ಹೌದು ಅಂದರು. ಪಕ್ಕದವರು ತಲೆಯಾಡಿಸಿದರು. ಅವರ ಪಕ್ಕದವರು ಕರೆಕ್ಟ್ ಅಂದರು. ಗದಗಿನ ಹುಡುಗಿಯ ಅಮ್ಮ ಕಿಟಕಿಯ ಹತ್ತಿರ ಕುಳಿತಿದ್ದರು. ಅವರೂ ತಲೆಯಾಡಿಸಿದರು. ಅದನ್ನು ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ.

“ನನಗ ಹಂಗ ಅನಸೂದಿಲ್ರೀ” ಅಂದೆ.

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಹಲವರು ನನ್ನ ಕಡೆ ತಿರುಗಿದರು. ಇಪ್ಪತ್ತು ವರ್ಷ ನನ್ನನ್ನು ಮೈಸೂರಿನವಳು ಎಂದುಕೊಂಡವರು ಅವರಲ್ಲಿದ್ದರು. ಹದಿಮೂರರ ಮಕ್ಕಳಿಗೆ ನಾನು ಏನು ಮಾಡಲು ಹೇಳುತ್ತಿದ್ದೆ ಎಂಬುದು ಆಗ ಅರ್ಥವಾಯಿತು. ಹೇಗೋ ಮುಂದುವರಿಸಿದೆ. ಮಕ್ಕಳು ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೇ ವೇದಿಕೆಯ ಮೇಲೂ ಮಾತಾಡಲಿ, ಅರ್ಥವಾಗದಿದ್ದರೆ ಕೇಳಿ ತಿಳಿದುಕೊಳ್ಳೋಣ ಅಂದೆ. ಆಮೇಲೆ ಕುಂದಾಪುರದ ಕಡೆಯ ಡಾಕ್ಟರ್ ಒಬ್ಬರು ಕನ್ನಡಕ ತೆಗೆದು ಒರೆಸುತ್ತ, ತಮ್ಮ ಮಗನೂ ಮನೆಯಲ್ಲಿ ಕುಂದಾಪುರದ ಮಾತೇ ಆಡುವುದು, ಅವನಿಗೆ ಬೇರೆ ಥರ ಹೇಳಿಕೊಡಲು ತಮಗೂ ಮನಸ್ಸಿಲ್ಲ ಅಂದರು. ಅಲ್ಲಿಂದ ಮಾತು ತಿರುಗಿತು. ನಾಟಕ ಬರೆಯಬೇಕಾದವರು ಸ್ವಲ್ಪ ಸಪ್ಪಗಾದರು. ಹೊರಡುವಾಗ ನಾನು ಅವರ ಬಳಿ ಹೋಗಿ, ನೀವೇ ಬರೆಯಬೇಕು, ಬೇರೆ ಯಾರಿಗೂ ಅಷ್ಟು ಚೆನ್ನಾಗಿ ಬರುವುದಿಲ್ಲ ಎಂದು ಕೇಳಿಕೊಂಡೆ. ಬರೆದರು. ಸಭೆಯಲ್ಲಿ ಜನ ನಕ್ಕರು, ನಗಬೇಕಾದ ಕಡೆಗಳಲ್ಲಿ.

ಎಲ್ಲವೂ ಸರಿಹೋಯಿತು ಎಂದೇನೂ ಅಲ್ಲ. ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಅಲ್ಲಿನ ಊಟದ ಮೇಜಿನಲ್ಲಿ ನಡೆಯುವುದೆಲ್ಲ ನನಗೆ ಗೊತ್ತಾಗುವುದಿಲ್ಲ, ಗೊತ್ತಾಗಲೂಬಾರದು. ಒಂದೊಂದು ದಿನ ಕಾರು ಹತ್ತಿದವಳೇ ಇವತ್ತು ತಾನೂ ಎಲ್ಲರ ಜೊತೆ ಸೇರಿ ನಕ್ಕೆ ಎಂದು ತಾನಾಗಿ ಹೇಳುತ್ತಾಳೆ. ಹೇಳುತ್ತಾಳಲ್ಲ ಎಂದು ನನಗೆ ಸಮಾಧಾನ. ಹೊಸದಾಗಿ ಬಂದ ಮಕ್ಕಳಿಗೆ ಲೋಟದ ಆಟ ಆಡಿಸುತ್ತೇನೆ, ಚೀಟಿ ಹಾಕಿ ಮಾತ್ರ.

ಗದಗಿನ ಹುಡುಗಿಯ ಅಮ್ಮ ಈ ವರ್ಷದಿಂದ ಪಕ್ಕದ ಕೋಣೆಯಲ್ಲಿ ಐದಾರು ವರ್ಷದ ಪುಟಾಣಿಗಳಿಗೆ ಕಲಿಸುತ್ತಾರೆ. ತಮಗೆ ಪಾಠ ಮಾಡಲು ಬರುವುದಿಲ್ಲ ಎಂದು ಎರಡು ತಿಂಗಳು ಹಿಂಜರಿದಿದ್ದರು. ಕಳೆದ ತಿಂಗಳು ಬೆಂಗಳೂರಿನ ಕಡೆಯ ತಂದೆಯೊಬ್ಬರು ಆ ಕೋಣೆಯ ಬಾಗಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ದೂರು ಬಂತು ಎಂದುಕೊಂಡೆ. ಅರ್ಧ ನಗುತ್ತ, “ನಮ್ಮ ಮಗಳು ಮನೇಲಿ ಈಗ ‘ಅಪ್ಪಾ, ಊಟಕ್ಕ ಬರ್ರಿ’ ಅಂತಾಳೆ ಮೇಡಂ” ಅಂದರು.

“ನೀವೇನಂದ್ರಿ?” ಎಂದು ಕೇಳಿದೆ.

“ಏನನ್ನೋದು, ಬಂದೆ ಅಂದೆ” ಅಂದವರು, ಮಗುವಿನ ಜಾಕೆಟ್ಟಿನ ಜಿಪ್ ಎಳೆದು, ಟೊಪ್ಪಿಗೆ ಸರಿಮಾಡಿ, ಕೈ ಹಿಡಿದುಕೊಂಡು ಕಾರಿನ ಕಡೆ ಹೋದರು.